ಕಡತ ಸಾಗಣೆಗೆ ಯಾವ ತಂತ್ರಾಂಶ ಸುರಕ್ಷಿತ?

ದೊಡ್ಡದೊಂದು ಕಡತವನ್ನು ತಮ್ಮ ಗಣಕದಿಂದ ದೂರದ ಇನ್ನೊಂದು ಗಣಕಕ್ಕೆ ಸುರಕ್ಷಿತವಾಗಿ ಕಳುಹಿಸಲು ಯಾವ ತಂತ್ರಾಂಶ ಉತ್ತಮ ಎಂದು ಕೇಳುವವರು ಸಾಮಾನ್ಯವಾಗಿ ಒಂದು ಹೆಸರನ್ನಷ್ಟೇ ನಿರೀಕ್ಷಿಸುತ್ತಾರೆ. ಹೆಸರು ಹೇಳುವುದು ಕಷ್ಟವಲ್ಲ. ಮುಂದೆ ನಾಲ್ಕಾರು ಹೆಸರುಗಳು ಬರಲಿವೆ. ಆದರೆ ಒಂದೇ ತಂತ್ರಾಂಶ ಒಬ್ಬರ ಕೈಯಲ್ಲಿ ಅರಗಿನ ಮುದ್ರೆಯೊತ್ತಿದ ಲಕೋಟೆಯಂತೆಯೂ ಇನ್ನೊಬ್ಬರ ಕೈಯಲ್ಲಿ ಅಂಚೆ ಕಾರ್ಡಿನಂತೆಯೂ ಕೆಲಸ ಮಾಡಬಲ್ಲದು. ಸ್ವಂತ ಜಾಲತಾಣ ನಡೆಸುವವರು, ಮುದ್ರಣಾಲಯಕ್ಕೆ ಪುಸ್ತಕದ ಪುಟಗಳನ್ನು ತಲುಪಿಸುವ ಡಿಟಿಪಿ ಕೆಲಸದವರು, ಕಕ್ಷಿದಾರರ ದಾಖಲೆಗಳನ್ನು ರವಾನಿಸುವ ವಕೀಲರು ಮತ್ತು ಲೆಕ್ಕಪರಿಶೋಧಕರು, ಇವರೆಲ್ಲರೂ ಈ ಕೆಲಸವನ್ನು ನಿತ್ಯ ಮಾಡುತ್ತಾರೆ. ಇವರಲ್ಲಿ ಬಹುಮಂದಿ ಸಾಗಿಸುವುದು ತಮ್ಮ ಸ್ವಂತ ಗುಟ್ಟನ್ನಲ್ಲ, ಬೇರೆಯವರು ನಂಬಿ ಕೊಟ್ಟದ್ದನ್ನು.

ಹಳೆಯ ದಾರಿ

ಕಡತ ಸಾಗಣೆಯ ಮೊದಲ ನಿಯಮಾವಳಿಯನ್ನು ಬರೆದವರು ಭಾರತೀಯರೊಬ್ಬರು ಎಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿ ಸೇರಿದ ಅಭಯ್ ಭೂಷಣ್ 1971ರ ಏಪ್ರಿಲ್‌ನಲ್ಲಿ ಎಫ್‌ಟಿಪಿಯ ಮೊದಲ ಕರಡನ್ನು ಪ್ರಕಟಿಸಿದರು. ಅಂದಿನ ಜಾಲದಲ್ಲಿದ್ದುದು ಕೆಲವೇ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಸಂಸ್ಥೆಗಳು, ಒಬ್ಬರಿಗೊಬ್ಬರು ಪರಿಚಿತರು. ಬಾಗಿಲಿಗೆ ಚಿಲಕ ಹಾಕದ ಹಳ್ಳಿಯಂತಿದ್ದ ಆ ಕಾಲಕ್ಕೆ ಎಫ್‌ಟಿಪಿ ತಕ್ಕುದಾಗಿಯೇ ಇತ್ತು. 1985ರಲ್ಲಿ ಅದು ಇಂದಿನ ರೂಪ ಪಡೆದಾಗಲೂ ಒಂದು ಸಂಗತಿ ಬದಲಾಗಲಿಲ್ಲ. ‘ಯೂಸರ್’, ‘ಪಾಸ್’ ಎಂಬ ಎರಡು ಆಜ್ಞೆಗಳ ಜೊತೆಗೆ ಬಳಕೆದಾರರ ಹೆಸರೂ ಗುಪ್ತಪದವೂ ಬರೆದದ್ದು ಬರೆದಂತೆಯೇ ತಂತಿಯ ಮೇಲೆ ಸಾಗುತ್ತವೆ. ಅದೇ ಜಾಲದಲ್ಲಿ ಕುಳಿತ ಮತ್ತೊಬ್ಬರು ಸಾಧಾರಣ ಉಪಕರಣದಿಂದ ಅದನ್ನು ಓದಿಕೊಳ್ಳಬಹುದು. ಹಿಂದೆ ಸೈಬರ್ ಕೆಫೆಯಲ್ಲಿದ್ದ ಈ ಅಪಾಯ ಇಂದು ಹೋಟೆಲು, ವಿಮಾನ ನಿಲ್ದಾಣಗಳ ಉಚಿತ ವೈಫೈಗೆ ಸ್ಥಳಾಂತರಗೊಂಡಿದೆ, ಅಷ್ಟೆ.

2021ರಲ್ಲಿ ಫೈರ್‌ಫಾಕ್ಸ್ ಮತ್ತು ಕ್ರೋಮ್ ಬ್ರೌಸರುಗಳೆರಡೂ ಎಫ್‌ಟಿಪಿಗೆ ಬೆಂಬಲವನ್ನು ಪೂರ್ಣವಾಗಿ ಕೈಬಿಟ್ಟವು. ಆದರೂ ಜಾಲತಾಣಗಳಿಗೆ ಸ್ಥಳ ಒದಗಿಸುವ ಕಂಪನಿಗಳಲ್ಲಿ ಕೆಲವು ಇನ್ನೂ ಹೊಸ ಗ್ರಾಹಕರಿಗೆ ಎಫ್‌ಟಿಪಿ ವಿಳಾಸವನ್ನೂ ಗುಪ್ತಪದವನ್ನೂ ಒಂದೇ ಇ-ಅಂಚೆಯಲ್ಲಿ ಕಳುಹಿಸಿ ಕೈತೊಳೆದುಕೊಳ್ಳುತ್ತವೆ. ಅಂತಹ ಪತ್ರ ನಿಮಗೂ ಬಂದಿದ್ದರೆ ಮೊದಲು ಗುಪ್ತಪದವನ್ನು ಬದಲಾಯಿಸಿ. ಆಮೇಲೆ ಎಸ್‌ಎಫ್‌ಟಿಪಿ ಸೌಲಭ್ಯವಿದೆಯೇ ಎಂದು ವಿಚಾರಿಸಿ.

ಹೊಸ ದಾರಿಗಳು ಎರಡು

1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಗುಪ್ತಪದಗಳನ್ನು ಕದ್ದಾಲಿಸಿದರು. ಅದರಿಂದ ಎಚ್ಚೆತ್ತ ಅಲ್ಲಿನ ಸಂಶೋಧಕ ತಾತು ಉಲೋನೆನ್ ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಮಾರ್ಗವನ್ನು ರಚಿಸಿದರು. ಹಳೆಯ ಟೆಲ್ನೆಟ್‌ನ ದ್ವಾರಸಂಖ್ಯೆ 23, ಎಫ್‌ಟಿಪಿಯದು 21. ಎರಡಕ್ಕೂ ಬದಲಿಯಾಗಬೇಕಾದ ತಮ್ಮ ರಚನೆಗೆ ನಡುವೆ ಖಾಲಿ ಉಳಿದಿದ್ದ 22ನ್ನೇ ಕೊಡಿ ಎಂದು ಅವರು ಪತ್ರ ಬರೆದರು. ಮರುದಿನವೇ ಅದು ಮಂಜೂರಾಯಿತು. ಸರ್ಕಾರಿ ಕಚೇರಿಗಳಿಗೆ ಅಲೆದು ಅಭ್ಯಾಸವಿರುವ ನಮಗೆ ಇದು ಪುರಾಣದ ಕಥೆಯಂತೆ ಕೇಳಿಸಬಹುದು. ಈ ಮಾರ್ಗದೊಳಗೆ ನಡೆಯುವ ಕಡತ ಸಾಗಣೆಯೇ ಎಸ್‌ಎಫ್‌ಟಿಪಿ.

ಎಫ್‌ಟಿಪಿಎಸ್ ಎಂಬುದು ಬೇರೆ. ಹಳೆಯ ಎಫ್‌ಟಿಪಿಗೇ ಬ್ಯಾಂಕಿನ ಜಾಲತಾಣಗಳಲ್ಲಿ ಕಾಣುವ ಬಗೆಯ ಟಿಎಲ್‌ಎಸ್ ಹೊದಿಕೆ ಹೊದಿಸಿದರೆ ಅದಾಗುತ್ತದೆ. 2005ರಲ್ಲಿ ಇದರ ನಿಯಮಗಳು ಪ್ರಕಟವಾದವು. ಎಸ್ ಅಕ್ಷರ ಮುಂದಿದೆಯೋ ಹಿಂದಿದೆಯೋ ಎಂಬುದರ ಮೇಲೆ ಇಡೀ ವ್ಯವಸ್ಥೆಯೇ ಬದಲಾಗುತ್ತದೆ. ಒಂದಕ್ಕೆ ಬೇಕಾದ ಸಂಖ್ಯೆಗಳನ್ನು ಇನ್ನೊಂದಕ್ಕೆ ಕೊಟ್ಟು ‘ಸಂಪರ್ಕವೇ ಆಗುತ್ತಿಲ್ಲ’ ಎಂದು ತಲೆ ಚಚ್ಚಿಕೊಳ್ಳುವವರು ಬಹಳ. ಎಸ್‌ಎಫ್‌ಟಿಪಿ ಒಂದೇ ಸಂಪರ್ಕದಲ್ಲಿ ಎಲ್ಲವನ್ನೂ ನಡೆಸುತ್ತದೆ. ಎಫ್‌ಟಿಪಿಎಸ್ ಮಾತಿಗೊಂದು, ಕಡತಕ್ಕೊಂದು ಎಂದು ಎರಡು ಸಂಪರ್ಕ ಬೇಡುವುದರಿಂದ ಕಚೇರಿಯ ರಕ್ಷಣಾ ಗೋಡೆಗೆ ಆಗಾಗ ಸಿಕ್ಕಿಕೊಳ್ಳುತ್ತದೆ. ಎರಡೂ ದೊರೆಯುವಲ್ಲಿ ಎಸ್‌ಎಫ್‌ಟಿಪಿಯನ್ನೇ ಆರಿಸಿಕೊಳ್ಳುವುದು ಲೇಸು.

ಎದುರಿಗಿರುವವರು ಯಾರು?

ಸುರಕ್ಷತೆಯೆಂದರೆ ಗೂಢಲಿಪಿ ಮಾತ್ರ ಎಂದು ಭಾವಿಸುವುದು ವಾಡಿಕೆ. ಆದರೆ ಕಳ್ಳನೊಂದಿಗೆ ಗೂಢಲಿಪಿಯಲ್ಲಿ ಮಾತನಾಡಿದರೆ ಪ್ರಯೋಜನವೇನು? ಎಸ್‌ಎಫ್‌ಟಿಪಿ ತಂತ್ರಾಂಶವೊಂದರಿಂದ ಹೊಸ ಸರ್ವರ್‌ಗೆ ಮೊದಲ ಸಲ ಸಂಪರ್ಕಿಸಿದಾಗ ಒಂದು ಪ್ರಶ್ನೆ ಎದುರಾಗುತ್ತದೆ: ಈ ಸರ್ವರ್ ನನಗೆ ಅಪರಿಚಿತ, ಇದರ ಬೆರಳಚ್ಚು ಇಂತಹುದು, ಮುಂದುವರಿಯಲೇ? ಬೆರಳಚ್ಚೆಂದರೆ ‘ಎಸ್‌ಎಚ್‌ಎ 256’ ಎಂದು ಆರಂಭವಾಗುವ, 43 ಅಕ್ಷರಗಳ ಅರ್ಥವಿಲ್ಲದ ಸಾಲು. ನೂರರಲ್ಲಿ ತೊಂಬತ್ತೊಂಬತ್ತು ಜನ ಅದನ್ನು ಓದದೆಯೇ ‘ಹೌದು’ ಒತ್ತುತ್ತಾರೆಂದರೆ ಉತ್ಪ್ರೇಕ್ಷೆಯಾಗಲಾರದು. ಆದರೆ ಇಡೀ ವ್ಯವಸ್ಥೆಯಲ್ಲಿ ಮನುಷ್ಯನ ಕಣ್ಣು ಬೇಕಾಗುವ ಮುಖ್ಯ ಸ್ಥಳ ಅದೇ. ಸರ್ವರ್‌ನ ಒಡೆಯರು ಆ ಸಾಲನ್ನು ತಮ್ಮ ಜಾಲತಾಣದಲ್ಲೋ ನಿಯಂತ್ರಣ ಫಲಕದಲ್ಲೋ ಪ್ರಕಟಿಸಿರುತ್ತಾರೆ. ಇಲ್ಲವಾದರೆ ದೂರವಾಣಿಯಲ್ಲಿ ಕೇಳಬೇಕು. ಒಮ್ಮೆ ಹೋಲಿಸಿ ಒಪ್ಪಿದರೆ ತಂತ್ರಾಂಶ ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಎರಡನೆಯ ಸಂದರ್ಭ ಇನ್ನೂ ಗಂಭೀರವಾದದ್ದು. ನಿತ್ಯ ಬಳಸುವ ಸರ್ವರ್‌ನ ಬೆರಳಚ್ಚು ಒಂದು ದಿನ ಬದಲಾಗಿದ್ದರೆ ತಂತ್ರಾಂಶ ದೊಡ್ಡ ಅಕ್ಷರಗಳಲ್ಲಿ ಎಚ್ಚರಿಸುತ್ತದೆ. ಕಂಪನಿ ಸರ್ವರ್ ಬದಲಿಸಿರಬಹುದು. ನಡುವೆ ಯಾರೋ ಕುಳಿತಿರಲೂಬಹುದು. ಎರಡರಲ್ಲಿ ಯಾವುದೆಂದು ತಂತ್ರಾಂಶಕ್ಕೆ ತಿಳಿಯದು. ಕೆಲವು ವರ್ಷಗಳ ಹಿಂದೆ ನನ್ನ ಪರದೆಯ ಮೇಲೆ ಈ ಎಚ್ಚರಿಕೆ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು, ಲೇಖನ ಅಪ್‌ಲೋಡ್ ಆಗಬೇಕಿತ್ತು. ಒಪ್ಪಿಗೆ ಒತ್ತಿ ಕೆಲಸ ಮುಗಿಸಿದೆ. ಸರ್ವರ್ ಸ್ಥಳಾಂತರಿಸಿದ್ದೇವೆಂಬ ಪತ್ರ ಮರುದಿನ ಬಂತು. ಅಂದು ನನ್ನನ್ನು ಕಾಪಾಡಿದ್ದು ಅದೃಷ್ಟವೇ ಹೊರತು ನನ್ನ ತಂತ್ರಾಂಶವಾಗಲೀ ಜಾಣತನವಾಗಲೀ ಅಲ್ಲ.

ಎಫ್‌ಟಿಪಿಎಸ್‌ನಲ್ಲಿ ಈ ಪರೀಕ್ಷೆಯನ್ನು ಪ್ರಮಾಣಪತ್ರಗಳು ನಡೆಸಿಕೊಡುತ್ತವೆ ಎಂಬ ಅನುಕೂಲವಿದೆ. ಆದರೆ ಒಂದೇ ಸರ್ವರ್‌ನಲ್ಲಿ ನೂರಾರು ಗ್ರಾಹಕರನ್ನಿಟ್ಟ ಕಂಪನಿಗಳ ಪ್ರಮಾಣಪತ್ರದಲ್ಲಿ ನಿಮ್ಮ ತಾಣದ ಹೆಸರಿನ ಬದಲು ಕಂಪನಿಯ ಹೆಸರಿರುವುದುಂಟು. ಆಗ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ‘ಹೌದು’. ಸಂಪರ್ಕ ವಿಳಾಸದಲ್ಲಿ ಕಂಪನಿಯು ಕೊಟ್ಟ ಸರ್ವರ್‌ನ ಹೆಸರನ್ನೇ ಬಳಸಿದರೆ ಈ ಕಿರಿಕಿರಿ ತಪ್ಪುತ್ತದೆ.

ಇನ್ನು ಹೆಸರುಗಳು

ವಿಂಡೋಸ್ ಬಳಸುವವರಿಗೆ ನನ್ನ ಮೊದಲ ಸೂಚನೆ ವಿನ್‌ಎಸ್‌ಸಿಪಿ. ಜೆಕ್ ದೇಶದ ಮಾರ್ಟಿನ್ ಪ್ರಿಕ್ರಿಲ್ 2000ದಲ್ಲಿ ಆರಂಭಿಸಿದ ಇದು ಉಚಿತ, ಮುಕ್ತ ತಂತ್ರಾಂಶ. ಪರದೆಯ ಎಡಕ್ಕೆ ನಿಮ್ಮ ಗಣಕ, ಬಲಕ್ಕೆ ದೂರದ ಗಣಕ. ಎಳೆದು ಹಾಕಿದರೆ ಕಡತ ಸಾಗುತ್ತದೆ. ಹೊಸ ಸಂಪರ್ಕಕ್ಕೆ ಎಸ್‌ಎಫ್‌ಟಿಪಿಯನ್ನೇ ಮೊದಲ ಆಯ್ಕೆಯಾಗಿ ಮುಂದಿಡುತ್ತದೆ ಎಂಬುದು ಇದರ ದೊಡ್ಡ ಗುಣ. ಆಯ್ಕೆಗಳನ್ನು ತಿದ್ದಲು ಹೋಗದ ಬಳಕೆದಾರರೇ ಹೆಚ್ಚಾದ್ದರಿಂದ, ತಂತ್ರಾಂಶ ತಾನಾಗಿ ಏನು ಆರಿಸಿಕೊಳ್ಳುತ್ತದೆ ಎಂಬುದಕ್ಕೆ ಬೆಲೆಯಿದೆ.

ಜರ್ಮನಿಯ ಟಿಮ್ ಕೋಸ್ಸೆ ಅವರ ಫೈಲ್‌ಜಿಲ್ಲಾ ಹೆಚ್ಚು ಜನಪ್ರಿಯ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಒಳ್ಳೆಯ ತಂತ್ರಾಂಶವೇ, ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಎಫ್‌ಟಿಪಿ ಆರಿಸಿದಾಗ ‘ಸಾಧ್ಯವಿದ್ದರೆ ಟಿಎಲ್‌ಎಸ್ ಬಳಸು’ ಎಂಬ ಅರ್ಥದ ಆಯ್ಕೆ ಮೊದಲಿಗೆ ಕಾಣುತ್ತದೆ. ಸಾಧ್ಯವಿಲ್ಲದಿದ್ದರೆ? ಬಯಲು ದಾರಿಗೆ ಇಳಿಯುವ ಅವಕಾಶ ಅಲ್ಲಿ ಉಳಿದಿದೆ. ಅದರ ಕೆಳಗಿರುವ ‘ಟಿಎಲ್‌ಎಸ್ ಇರಲೇಬೇಕು’ ಎಂಬ ಆಯ್ಕೆಯನ್ನು ಗುರುತು ಮಾಡಿ. ಎರಡನೆಯದಾಗಿ, ವಿಂಡೋಸ್‌ಗೆ ದೊರೆಯುವ ಸ್ಥಾಪನಾ ಕಡತದೊಂದಿಗೆ ಬೇರೆ ಕಂಪನಿಗಳ ತಂತ್ರಾಂಶಗಳ ಜಾಹೀರಾತು ಅಂಟಿಕೊಂಡು ಬರುವುದರ ಬಗ್ಗೆ ಬಳಕೆದಾರರ ದೂರು ಹಳೆಯದು. ಅನುಸ್ಥಾಪಿಸುವಾಗ ಮುಂದೆ, ಮುಂದೆ ಎಂದು ಒತ್ತುತ್ತ ಹೋಗದೆ ಪ್ರತಿ ಪುಟವನ್ನೂ ಓದುವುದು ಒಳಿತು.

ಮ್ಯಾಕ್ ಬಳಕೆದಾರರಿಗೆ ಸೈಬರ್‌ಡಕ್ ಹೊಂದುತ್ತದೆ. 2002ರಿಂದ ಇರುವ ಇದು 2011ರಲ್ಲಿ ವಿಂಡೋಸ್‌ಗೂ ಬಂತು. ಗುಪ್ತಪದಗಳನ್ನು ಮ್ಯಾಕ್‌ನದೇ ಕೀಚೈನ್ ಭಂಡಾರದಲ್ಲಿ ಇಡುವುದೂ, ಕ್ರಿಪ್ಟೊಮೇಟರ್ ಎಂಬ ವ್ಯವಸ್ಥೆಯೊಡನೆ ಸೇರಿ ಕಡತವನ್ನು ನಿಮ್ಮ ಗಣಕದಲ್ಲಿಯೇ ಗೂಢಲಿಪಿಗೆ ತಿರುಗಿಸಿ ಕಳುಹಿಸುವುದೂ ಇದರ ವಿಶೇಷ. ಆಜ್ಞೆ ಬೆರಳಚ್ಚಿಸಲು ಹಿಂಜರಿಯದವರಿಗೆ ಯಾವ ತಂತ್ರಾಂಶವನ್ನೂ ಇಳಿಸಿಕೊಳ್ಳುವ ಅಗತ್ಯವೇ ಇಲ್ಲ. ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ಮೊದಲಿನಿಂದಲೂ, ವಿಂಡೋಸ್ 10ರಲ್ಲಿ 2018ರ ಪರಿಷ್ಕರಣೆಯಿಂದಲೂ ಓಪನ್‌ಎಸ್‌ಎಸ್‌ಎಚ್ ಒಳಗೇ ಇದೆ.

ಸೈಮನ್ ಟ್ಯಾಥಮ್ ಅವರ ಪುಟ್ಟಿ ಬೇರೆಯೇ ಮಾತು. (ಇಂಗ್ಲಿಷರ ಉಚ್ಚಾರ ‘ಪಟ್ಟಿ’; ಕನ್ನಡದ ನಾಲಿಗೆಯಲ್ಲಿ ಅದು ಪುಟ್ಟಿಯಾದರೆ ಅಚ್ಚರಿಯಿಲ್ಲ.) ವಿನ್‌ಎಸ್‌ಸಿಪಿ ಮತ್ತು ಫೈಲ್‌ಜಿಲ್ಲಾಗಳ ಎಸ್‌ಎಫ್‌ಟಿಪಿ ಭಾಗಕ್ಕೆ ಆಧಾರವಾಗಿರುವುದು ಇದರದೇ ಸಂಕೇತಗಳು. 2024ರ ಏಪ್ರಿಲ್‌ನಲ್ಲಿ ಜರ್ಮನಿಯ ರೂರ್ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟಿಯ ಒಂದು ದೋಷವನ್ನು ಬಯಲಿಗೆಳೆದರು. ಪಿ-521 ಎಂಬ ಬಗೆಯ ಕೀಲಿಯಿಂದ ಮಾಡಿದ ಸುಮಾರು 60 ಸಹಿಗಳು ಕೈಗೆ ಸಿಕ್ಕರೆ ಮೂಲ ಖಾಸಗಿ ಕೀಲಿಯನ್ನೇ ಲೆಕ್ಕ ಹಾಕಿ ಪಡೆಯಬಹುದಿತ್ತು. ತಾಯಿಬೇರಿಗೆ ತಗಲಿದ ರೋಗ ಕೊಂಬೆಗಳಿಗೂ ಹಬ್ಬುವಂತೆ ವಿನ್‌ಎಸ್‌ಸಿಪಿ, ಫೈಲ್‌ಜಿಲ್ಲಾಗಳೂ ಹೊಸ ಆವೃತ್ತಿ ಬಿಡುಗಡೆ ಮಾಡಬೇಕಾಯಿತು. ಪುಟ್ಟಿಯಲ್ಲಿ ದೋಷ ಸರಿಹೋದದ್ದು 0.81ನೆಯ ಆವೃತ್ತಿಯಲ್ಲಿ. ತಂತ್ರಾಂಶವನ್ನು ನವೀಕರಿಸಿದರಷ್ಟೇ ಸಾಲದು, ಹಳೆಯದರಲ್ಲಿ ಬಳಸಿದ ಆ ಬಗೆಯ ಕೀಲಿಯನ್ನು ಎಸೆದು ಹೊಸದನ್ನು ಮಾಡಿಕೊಳ್ಳಬೇಕಿತ್ತು. ಹೊಸದಾಗಿ ಕೀಲಿ ಮಾಡಿಕೊಳ್ಳುವವರು ಇಡಿ-25519 ಬಗೆಯನ್ನು ಆರಿಸಿ, ಅದಕ್ಕೊಂದು ಗುಪ್ತವಾಕ್ಯವನ್ನು ಕೊಡುವುದು ಒಳ್ಳೆಯದು.

ಗುಪ್ತಪದ ಎಲ್ಲಿ ಮಲಗಿರುತ್ತದೆ?

2009ರಲ್ಲಿ ಗಂಬ್ಲಾರ್ ಎಂಬ ಪಿಡುಗು ಜಗತ್ತಿನಾದ್ಯಂತ ಸಹಸ್ರಾರು ಜಾಲತಾಣಗಳನ್ನು ಕೆಡಿಸಿತು. ಅದರ ಬಗೆ ಸರಳ, ಆದರೆ ಕುಟಿಲ. ಕೆಟ್ಟ ತಾಣಕ್ಕೆ ಭೇಟಿ ಕೊಟ್ಟವರ ಗಣಕದೊಳಗೆ ಫ್ಲ್ಯಾಶ್, ಪಿಡಿಎಫ್ ಓದುಗಗಳ ದೋಷಗಳ ಮೂಲಕ ನುಗ್ಗುವುದು. ಅಲ್ಲಿ ಎಫ್‌ಟಿಪಿ ಗುಪ್ತಪದಗಳನ್ನು ಹುಡುಕುವುದು. ಅವು ದೊರೆತರೆ ಆ ವ್ಯಕ್ತಿಯ ಜಾಲತಾಣವನ್ನೂ ಕೆಡಿಸಿ ಮುಂದಿನ ಬೇಟೆಗೆ ಬಲೆಯಾಗಿಸುವುದು. ಆ ದಿನಗಳಲ್ಲಿ ಸ್ನೇಹಿತರಿಗಾಗಿ ನಾನು ನೋಡಿಕೊಳ್ಳುತ್ತಿದ್ದ ಪುಟ್ಟ ಸಾಹಿತ್ಯ ತಾಣವೊಂದರ ಪ್ರತಿ ಪುಟದ ಬುಡದಲ್ಲೂ ಹೀಗೆಯೇ ಯಾರೋ ಒಂದು ಅಪರಿಚಿತ ಸಾಲನ್ನು ಸೇರಿಸಿದ್ದರು. ಅದು ಗಂಬ್ಲಾರೋ ಅದರ ದಾಯಾದಿಯೋ ತಿಳಿಯಲಿಲ್ಲ. ಬೀಗದ ಕೈ ಸಿಕ್ಕಿದ್ದು ಮಾತ್ರ ನನ್ನ ಗಣಕದಲ್ಲೇ ಇರಬೇಕು. ಬಯಲು ಎಫ್‌ಟಿಪಿ, ಅದರ ಮೇಲೆ ‘ಗುಪ್ತಪದ ನೆನಪಿಡು’ ಎಂಬ ಗುರುತು, ಎರಡೂ ನನ್ನವೇ. ಮುನ್ನೂರು ಚಿಲ್ಲರೆ ಪುಟಗಳನ್ನು ಒಂದೊಂದಾಗಿ ತೊಳೆಯಲು ಎರಡು ಭಾನುವಾರಗಳು ಹಿಡಿದವು.

ಫೈಲ್‌ಜಿಲ್ಲಾ ಬಹುಕಾಲ ಗುಪ್ತಪದಗಳನ್ನು ಯಾವ ರಕ್ಷಣೆಯೂ ಇಲ್ಲದೆ ಒಂದು ಸಾಮಾನ್ಯ ಕಡತದಲ್ಲಿ ಇಡುತ್ತಿತ್ತು. ಅವುಗಳ ಮೇಲೆ ಒಂದು ಮುಖ್ಯ ಗುಪ್ತಪದದ ಬೀಗ ಹಾಕುವ ಸೌಲಭ್ಯ ಬಂದದ್ದು 2017ರಲ್ಲಿ. ವಿನ್‌ಎಸ್‌ಸಿಪಿಯಲ್ಲೂ ಇದೇ ಬಗೆಯ ಮುಖ್ಯ ಗುಪ್ತಪದವಿದೆ. ಎರಡರಲ್ಲೂ ಅದನ್ನು ನೀವಾಗಿ ಚಾಲೂ ಮಾಡಬೇಕು, ತಾನಾಗಿ ಆಗುವುದಿಲ್ಲ.

ಹೆಸರಿನ ಹಿಂದೆ ವೇಷಧಾರಿಗಳು

ಒಳ್ಳೆಯ ತಂತ್ರಾಂಶದ ಹೆಸರು ಗೊತ್ತಿರುವುದೇ ಅಪಾಯಕ್ಕೆ ದಾರಿಯಾದ ಉದಾಹರಣೆಗಳಿವೆ. 2014ರ ಆರಂಭದಲ್ಲಿ ಫೈಲ್‌ಜಿಲ್ಲಾದ ನಕಲಿ ಪ್ರತಿಗಳು ಹರಿದಾಡಿದವು. ನೋಟ, ಕೆಲಸ ಎಲ್ಲವೂ ಅಸಲಿಯಂತೆ. ಆದರೆ ಬಳಸಿದವರ ಗುಪ್ತಪದ ಗುಟ್ಟಾಗಿ ಬೇರೆಲ್ಲಿಗೋ ಹೋಗುತ್ತಿತ್ತು. 2023ರಲ್ಲಿ ವಿನ್‌ಎಸ್‌ಸಿಪಿ ಎಂದು ಶೋಧಿಸಿದವರಿಗೆ ಫಲಿತಾಂಶಗಳ ತುದಿಯಲ್ಲಿ ಜಾಹೀರಾತೊಂದು ಕಾಣುತ್ತಿತ್ತು. ಅದನ್ನು ಒತ್ತಿದವರು ತಲುಪುತ್ತಿದ್ದುದು ವೇಷ ತೊಟ್ಟ ತಾಣಕ್ಕೆ. ಇಂತಹ ಬಲೆಗೆ ಹೆಚ್ಚಾಗಿ ಬೀಳುವವರು ಕಂಪನಿಗಳ ಗಣಕ ವಿಭಾಗದ ಸಿಬ್ಬಂದಿಯೇ, ಏಕೆಂದರೆ ಈ ತಂತ್ರಾಂಶಗಳನ್ನು ಹುಡುಕುವವರು ಅವರೇ. ಪುಟ್ಟಿ ಡಾಟ್ ಆರ್ಗ್ ಎಂಬ ವಿಳಾಸ ಪುಟ್ಟಿಯ ಕರ್ತೃವಿನದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಆದ್ದರಿಂದ ಶೋಧಯಂತ್ರದ ಜಾಹೀರಾತು ಸಾಲುಗಳನ್ನು ಬಿಟ್ಟು, ವಿಳಾಸವನ್ನು ಅಕ್ಷರ ಅಕ್ಷರ ನೋಡಿ. ವಿಂಡೋಸ್‌ನಲ್ಲಿ ಇಳಿಸಿಕೊಂಡ ಕಡತದ ಮೇಲೆ ಬಲಗುಂಡಿ ಒತ್ತಿ, ಗುಣಲಕ್ಷಣಗಳ ಪುಟದಲ್ಲಿ ಡಿಜಿಟಲ್ ಸಹಿ ಯಾರದೆಂದು ನೋಡಲು ಅರ್ಧ ನಿಮಿಷ ಸಾಕು. ವಿನ್‌ಎಸ್‌ಸಿಪಿಯಾದರೆ ಅಲ್ಲಿ ಮಾರ್ಟಿನ್ ಪ್ರಿಕ್ರಿಲ್ ಹೆಸರಿರಬೇಕು.

ದುಬಾರಿ ಬೆಲೆಯ ತಂತ್ರಾಂಶ ಕೊಂಡರೆ ಈ ಚಿಂತೆ ಇಲ್ಲವೆನ್ನುವವರು 2023ರ ಮೇ ತಿಂಗಳನ್ನು ನೆನೆಯಬೇಕು. ದೊಡ್ಡ ಸಂಸ್ಥೆಗಳು ಸುರಕ್ಷಿತ ಸಾಗಣೆಗೆಂದೇ ಕೊಂಡಿದ್ದ ಮೂವಿಟ್ ಎಂಬ ತಂತ್ರಾಂಶದ ದೋಷವೊಂದನ್ನು ಕ್ಲಾಪ್ ಎಂಬ ಸುಲಿಗೆಕೋರರ ಗುಂಪು ಬಳಸಿಕೊಂಡು ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ದತ್ತಾಂಶವನ್ನು ದೋಚಿತು. ಕಡತಗಳು ಸಾಗುವಾಗ ಸುರಕ್ಷಿತವಾಗಿಯೇ ಇದ್ದವು. ಸಿಕ್ಕಿದ್ದು ತಲುಪಿದ ಮೇಲೆ, ಅಲ್ಲಿಯೇ ಬಿದ್ದುಕೊಂಡಿದ್ದಾಗ.

ಸರ್ವರ್ ಇಲ್ಲದವರಿಗೆ

ಒಬ್ಬರಿಂದ ಒಬ್ಬರಿಗೆ ಒಮ್ಮೆ ಮಾತ್ರ ಕಡತ ಕಳುಹಿಸಬೇಕಾದವರಿಗೆ ಇಷ್ಟೆಲ್ಲ ಬೇಡ. ಅವರು ಬಳಸುವುದು ಜಾಲದ ಉಚಿತ ಸೇವೆಗಳನ್ನು. ಆದರೆ ಆ ಸೇವೆಗಳು ನಾಳೆಯೂ ಇರುತ್ತವೆಂಬ ಭರವಸೆಯಿಲ್ಲ. 2020ರೊಂದರಲ್ಲೇ ನಡೆದದ್ದನ್ನು ನೋಡಿ: ಮೇ ತಿಂಗಳಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯ ಆದೇಶದಿಂದ ವಿಟ್ರಾನ್ಸ್‌ಫರ್ ತಾಣ ಭಾರತದಲ್ಲಿ ತಡೆಗೊಳಗಾಯಿತು, ಜೂನ್ 29ರಂದು ನಿಷೇಧಿಸಲಾದ 59 ಚೀನೀ ಆ್ಯಪ್‌ಗಳಲ್ಲಿ ಶೇರ್‌ಇಟ್, ಜೆಂಡರ್ ಎರಡೂ ಇದ್ದವು, ಸೆಪ್ಟೆಂಬರ್‌ನಲ್ಲಿ ಮೊಜಿಲ್ಲಾ ತನ್ನ ಫೈರ್‌ಫಾಕ್ಸ್ ಸೆಂಡ್ ಸೇವೆಯನ್ನು ಶಾಶ್ವತವಾಗಿ ಮುಚ್ಚಿತು. ಕೊನೆಯದು ನಿಜಕ್ಕೂ ಒಳ್ಳೆಯ ಸೇವೆಯಾಗಿತ್ತು. ದುರುಳರು ಅದರಲ್ಲಿ ವೈರಸ್ ಹಂಚತೊಡಗಿದ್ದೇ ಅದಕ್ಕೆ ಮುಳುವಾಯಿತು.

ಹಾಗಾಗಿ ಯಾವ ಸೇವೆ ಬಳಸಿದರೂ ಕಡತಕ್ಕೆ ಬೀಗವನ್ನು ನಿಮ್ಮ ಗಣಕದಲ್ಲಿಯೇ ಹಾಕಿ. ಇಗೋರ್ ಪಾವ್ಲೊವ್ ಅವರ ಉಚಿತ ಸೆವೆನ್-ಜಿಪ್ ಇದಕ್ಕೆ ಸಾಕು. 7ಜೆಡ್ ಬಗೆಯ ಕಟ್ಟನ್ನೇ ಆರಿಸಿ, ಗುಪ್ತಪದ ಕೊಟ್ಟು, ಕಡತಗಳ ಹೆಸರನ್ನೂ ಮರೆಮಾಡುವ ಗುರುತು ಹಾಕಿ. ಹಳೆಯ ಜಿಪ್ ಗೂಢಲಿಪಿ 1994ರಲ್ಲೇ ಮುರಿದುಬಿದ್ದಿದೆ, ಅದನ್ನು ನಂಬಬೇಡಿ. ಗುಪ್ತಪದವನ್ನು ಕೊಂಡಿಯ ಜೊತೆಗೇ ಇ-ಅಂಚೆಯಲ್ಲಿ ಬರೆದರೆ ಬೀಗವನ್ನೂ ಕೀಲಿಯನ್ನೂ ಒಂದೇ ಚೀಲದಲ್ಲಿ ಹಾಕಿ ಕೊಟ್ಟಂತೆ. ದೂರವಾಣಿಯಲ್ಲಿ ಹೇಳಿ.

ಕನ್ನಡದ ಕಡತಗಳಿಗೆ ಸಂಬಂಧಿಸಿದ ಒಂದು ಮಾತು. ಯುನಿಕೋಡ್ ಅರಿಯದ ಹಳೆಯ ಎಫ್‌ಟಿಪಿ ಸರ್ವರ್‌ಗಳಲ್ಲಿ ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಬಿಡುತ್ತವೆ. ಎಸ್‌ಎಫ್‌ಟಿಪಿಯಲ್ಲಿ ಈ ತೊಂದರೆ ಅಪರೂಪ. ಎಫ್‌ಟಿಪಿಯ ಪಠ್ಯ ವಿಧಾನದಲ್ಲಿ ಪಿಡಿಎಫ್ ಅಥವಾ ಫಾಂಟ್ ಕಡತ ಕಳುಹಿಸಿದರೆ ಸಾಲು ಮುರಿಯುವ ಸಂಕೇತಗಳು ಬದಲಾಗಿ ಕಡತವೇ ಕೆಡುತ್ತದೆ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಪುಟಗಳನ್ನು ಕಳುಹಿಸುವವರು ಫಾಂಟನ್ನೂ ಕಟ್ಟಿನೊಳಗೆ ಸೇರಿಸಬೇಕೆಂಬುದು ಸುರಕ್ಷತೆಯ ವಿಷಯವಲ್ಲ, ಆದರೆ ಮುದ್ರಣಾಲಯದವರ ಶಾಪದಿಂದ ಪಾರಾಗಲು ಬೇಕು.

ಕಡತ ತಲುಪಿದ ಮೇಲೆ ಅದು ನೀವು ಕಳುಹಿಸಿದ್ದೇ ಹೌದೇ ಎಂದು ನೋಡಲು ಸೆವೆನ್-ಜಿಪ್‌ನ ಬಲಗುಂಡಿ ಪಟ್ಟಿಯಲ್ಲಿಯೇ ಎಸ್‌ಎಚ್‌ಎ-256 ಲೆಕ್ಕವಿದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಎಂಬ ಆಜ್ಞೆಯೂ ಇದೆ. ಎರಡೂ ಕಡೆ ಬಂದ 64 ಅಕ್ಷರಗಳು ಒಂದೇ ಆಗಿರಬೇಕು. ನನಗೆ ಪರಿಚಯದ ಮುದ್ರಕರೊಬ್ಬರು ಪುಸ್ತಕದ ಕಡತ ಕೈಸೇರಿದೊಡನೆ ಫೋನು ಮಾಡಿ ಕೊನೆಯ ಎಂಟು ಅಕ್ಷರಗಳನ್ನು ಓದಿಸಿಕೊಳ್ಳುತ್ತಾರೆ. ತಾಳೆಯಾದ ಮೇಲೆಯೇ ಪ್ಲೇಟು ಮಾಡಲು ಕೊಡುವುದು.